ಬಾಗಿಲು ತೆಗೆಯದ ಅಪ್ಪ

ಹಾನುಬಾಳು
9 ಸೆಪ್ಟೆಂಬರ್ 2024

ಪ್ರೀತಿಯ ಡೆಲ್ಸಿ,

ನೀನೂ ದಯಾನಂದನೂ ಆಲೂರಿನಲ್ಲಿ ಆರಾಮವಾಗಿದ್ದೀರಿ ಎಂದುಕೊಂಡೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ಮಧ್ಯೆ ಬಾಯಿ ಹಾಕುತ್ತೀಯ. ನೀನು ಕಥೆ ಬರೆದ ವಿಡಿಯೋ ಗೇಮನ್ನು ನನ್ನ ಮೊಬೈಲಿಗೆ ಕಳಿಸಿ, ಮುಲಾಜಿಲ್ಲದೆ ಹೇಳಮ್ಮ, ಶುಕ್ರವಾರ ಕಂಪನಿಗೆ ಕೊಟ್ಟುಬಿಡಬೇಕು ಅಂದೆಯಲ್ಲ. ಜೀವಮಾನವಿಡೀ ಶಾಲೆಮಕ್ಕಳ ಪ್ರಬಂಧ ತಿದ್ದಿದವಳಿಗೆ ಮುಲಾಜು ಎಲ್ಲಿಂದ ಬರಬೇಕು!

ಮೊದಲು ಮೆಚ್ಚಿದ್ದನ್ನು ಹೇಳುತ್ತೇನೆ. ಮಗಳು ಬಸ್ಸಿಳಿದು ತವರಿನ ಗೇಟಿನವರೆಗೆ ನಡೆಯುವ ಭಾಗ ಚೆನ್ನಾಗಿದೆ. ಅಲ್ಲಿ ಯಾರೂ ಏನನ್ನೂ ವಿವರಿಸುವುದಿಲ್ಲ. ಆದರೆ ನಾಯಿ ಅವಳ ಗುರುತು ಹಿಡಿದು ಬಾಲ ಅಲ್ಲಾಡಿಸಿದಾಗ ನನಗೆ ಅಳುವೇ ಬಂತು. ಕಥೆ ಹೇಳುವುದೆಂದರೆ ಅದು.

ಆಮೇಲೆ ಕೆಡಿಸಿಬಿಟ್ಟಿದ್ದೀಯ. ಬೇರೆ ಧರ್ಮದವನನ್ನು ಮದುವೆಯಾದ ಆ ಮಗಳು ಅಪ್ಪನೆದುರು ಅಳಬಹುದು, ಜಗಳವಾಡಬಹುದು, ಇಲ್ಲವೇ ಸುಮ್ಮನೆ ನಿಲ್ಲಬಹುದು. ಮೂರನ್ನೂ ಒತ್ತಿ ನೋಡಿದೆ. ಏನು ಒತ್ತಿದರೂ ಅಪ್ಪ ಬಾಗಿಲು ಹಾಕಿಕೊಳ್ಳುತ್ತಾನೆ. ಹಾಗಾದರೆ ಆಡುವವರನ್ನು ಕೇಳುವುದಾದರೂ ಏಕೆ ಮಾರಾಯ್ತಿ? ಆ ಅಪ್ಪನಿಗೆ ಒಂದು ಮನಸ್ಸು ಬೇಡವೇ? ಗೂಟದ ಹಾಗೆ ನಿಲ್ಲಿಸಿದ್ದೀಯ. ನೀನು ದಯಾನಂದನನ್ನು ಮದುವೆಯಾದ ಮೇಲೆ ಪಪ್ಪ ನಿನ್ನನ್ನು ಮನೆಗೆ ಸೇರಿಸಲಿಲ್ಲ, ಅದು ನಿಜ. ನನಗೂ ಆ ಸಿಟ್ಟು ಇಳಿದಿಲ್ಲ. ಆದರೆ ಸಿಟ್ಟೊಂದರಿಂದಲೇ ಪಾತ್ರ ಆಗುವುದಿಲ್ಲ.

ಇನ್ನೊಂದು ತಪ್ಪನ್ನಂತೂ ನಾನು ಒಪ್ಪಲಾರೆ. ನಿನ್ನ ಆಟದಲ್ಲಿ ತೆನೆ ಹಬ್ಬದ ದಿನ ಅಪ್ಪ ಅಮ್ಮ ಇಬ್ಬರೇ ಪಾಯಸ ಬಡಿಸಿಕೊಂಡು ಊಟ ಮುಗಿಸುತ್ತಾರೆ. ನಮ್ಮ ಮನೆಯಲ್ಲಿ ಹಾಗೆ ಎಂದಾದರೂ ಕಂಡಿದ್ದೀಯ? ಚರ್ಚಿನಲ್ಲಿ ಆಶೀರ್ವದಿಸಿ ಕೊಟ್ಟ ಹೊಸ ತೆನೆಯ ಕಾಳನ್ನು, ಮನೆಯಲ್ಲಿಲ್ಲದವರ ಪಾಲು ಎತ್ತಿಡದೆ ಯಾರೂ ಬಾಯಿಗಿಡುವುದಿಲ್ಲ. ನಿನ್ನೆಯ ಹಬ್ಬದಲ್ಲೂ ಎತ್ತಿಟ್ಟಿದ್ದೇವೆ. ಎತ್ತಿಟ್ಟವಳು ನಾನಲ್ಲ. ನೀನು ಹೋದಾಗಿನಿಂದ ಆ ಕೆಲಸ ಪಪ್ಪನದೇ. ಯಾರಿಗೆಂದು ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ. ಈ ಸಲ ಎರಡು ಪಾಲು ಎತ್ತಿಟ್ಟಿದ್ದಾರೆ.

ಹಾಗಾಗಿ ಶುಕ್ರವಾರ ಅದನ್ನು ಕೊಡಬೇಡ. ಕಥೆ ಇನ್ನೂ ಮುಗಿದಿಲ್ಲ.

ನಿನ್ನ ಅಮ್ಮ,
ಬ್ಲಾಂಚ್

ತಾ.ಕ.: ನಿನ್ನೆ ಊಟವಾದ ಮೇಲೆ ಪಪ್ಪ ಮೊಬೈಲ್ ಕಸಿದುಕೊಂಡು ತಾವೂ ಆಡಿದರು. ಬಾಗಿಲು ಮುಚ್ಚಿದ್ದೇ ಸಿಡಿಮಿಡಿಗೊಂಡು, "ಒಳಗಿಂದ ತೆಗೆಯಕ್ಕೆ ಯಾವ್ದನ್ನ ಒತ್ಬೇಕು ಬ್ಲಾಂಚ್?" ಅಂದರು. ಅದನ್ನು ಡೆಲ್ಸಿ ಇನ್ನೂ ಬರೆದೇ ಇಲ್ಲ ಅಂದೆ. ಮೊಬೈಲನ್ನು ನನ್ನ ಕೈಗೆ ವಾಪಸ್ ಕೊಡುತ್ತಾ ಹೇಳಿದರು: "ಹಂಗಾರೆ ಇಲ್ಲಿಗೇ ಬಂದು ಬರೀಲಿ ಅನ್ನು."