ಕಿಟಕಿ ಪಕ್ಕದ ಚಾಪೆ

ದಿಬ್ಬದಪಾಳ್ಯ, ಕೋಲಾರ ಸೀಮೆ
ಕ್ರಿಸ್ತಶಕ 2158, ಎರಡನೇ ಬೇಸಿಗೆಯ ಮೂರನೇ ಭಾನುವಾರ

ನಮಗಿಂತ ಮೊದಲು ಬದುಕಿದವರಿಗೆ,

ತಾರೀಖು ನೋಡಿ ನೀವು ಈ ಕಾಗದವನ್ನು ಪಕ್ಕಕ್ಕೆ ಇಟ್ಟುಬಿಡಬಹುದು. ವರ್ಷಕ್ಕೆ ಎರಡು ಬೇಸಿಗೆ ಎಲ್ಲಿಂದ ಬಂತು ಎಂದು ಕೇಳಬಹುದು. ನಮಗೆ ಬಂದಿವೆ. ಒಂದು ಮಾರ್ಚಿನಿಂದ ಜೂನ್ ಮುಗಿಯುವವರೆಗೆ, ಇನ್ನೊಂದು ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ನಡುವಿನವರೆಗೆ. ನನ್ನ ಮಾತುಗಳು ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ. ಹಳೆಯ ಪುಸ್ತಕಗಳಲ್ಲಿ ಓದಿದ ನಿಮ್ಮ ಕನ್ನಡದಲ್ಲೇ ಬರೆಯಲು ಪ್ರಯತ್ನಿಸುತ್ತಿದ್ದೇನೆ. ನಿಮ್ಮಲ್ಲಿ ಇಲ್ಲದ ವಸ್ತುಗಳಿಗೆ ಮಾತ್ರ ನಮ್ಮ ಹೆಸರುಗಳನ್ನೇ ಬಳಸಬೇಕಾಗುತ್ತದೆ.

ನನ್ನ ಹೆಸರು ಯೂನಿಸ್ ಕರುಣಾಕರ, ವಯಸ್ಸು ಎಪ್ಪತ್ತೊಂದು. ನಗರಸಭೆಯ ನೀರಿನ ಪಂಪುಗಳ ಮೆಕ್ಯಾನಿಕ್ ಆಗಿದ್ದು ನಿವೃತ್ತಳಾದವಳು. ನಮ್ಮ ಊರಿನ ಲುಥೆರನ್ ಸಭೆಗಳಲ್ಲಿ ಒಂದು ರೂಢಿಯಿದೆ. ಪ್ರತಿ ವರ್ಷ ಅಕ್ಟೋಬರ್ ಕೊನೆಯಲ್ಲಿ, ನಮ್ಮ ಸಭೆ ಹುಟ್ಟಿದ್ದನ್ನು ನೆನೆಯುವ ಸುಧಾರಣಾ ಭಾನುವಾರ, ಯಾರಾದರೊಬ್ಬರು ಹಿಂಗಾಗದ ಬರೆದು ಓದಬೇಕು. ಹಿಂಗಾಗದ ಎಂದರೆ ಹಿಂದಕ್ಕೆ ಬರೆಯುವ ಕಾಗದ, ಈ ಚರ್ಚುಗಳ ಗೋಡೆ ಕಟ್ಟಿಕೊಟ್ಟು ಹೋದವರಿಗೆ ಇಲ್ಲಿ ಏನು ನಡೆದಿದೆ ಎಂದು ತಿಳಿಸುವುದು. ಅದು ನಿಮ್ಮನ್ನು ತಲುಪುವುದಿಲ್ಲ ಎಂದು ನಮಗೂ ಗೊತ್ತು. ಆದರೂ ಎಲ್ಲರ ಮುಂದೆ ಗಟ್ಟಿಯಾಗಿ ಓದುತ್ತೇವಾದ್ದರಿಂದ ಬರೆಯುವವರು ಸುಳ್ಳು ಬರೆಯಲು ಹೆದರುತ್ತಾರೆ. ಈ ವರ್ಷ ಬರೆಯುವ ಸರದಿ ನನ್ನದು.

ಈ ಊರಿನಲ್ಲಿ ಮೂರು ಲುಥೆರನ್ ಸಭೆಗಳಿವೆ, ತಮಿಳಿನದು, ತೆಲುಗಿನದು, ಕನ್ನಡದ್ದು. ಚಿನ್ನದ ಗಣಿ ನಡೆಯುತ್ತಿದ್ದಾಗ ಬಂದ ಕೂಲಿಗಳ ವಂಶದವರು ನಾವು. ಗಣಿ ಮುಚ್ಚಿ ನೂರೈವತ್ತು ವರ್ಷವಾಯಿತು. ಉಳಿದಿರುವುದು ಅದಿರು ಅರೆದು ಬಿಸಾಡಿದ ಬಿಳಿ ಪುಡಿಯ ದಿಬ್ಬಗಳು ಮತ್ತು ಒಂದು ಸೈರನ್. ಬಿಸಿಲು ಮಿತಿ ಮೀರುವ ದಿನಗಳಲ್ಲಿ ಆ ಸೈರನ್ ಬೆಳಿಗ್ಗೆ ಎಂಟಕ್ಕೆ ಕೂಗುತ್ತದೆ. ಆಮೇಲೆ ಸಂಜೆ ಆರರವರೆಗೆ ಯಾರೂ ಬಯಲಿಗೆ ಬರುವಂತಿಲ್ಲ. ಅಂಥ ದಿನಗಳ ಸಾಲಿಗೆ ಉರಿವಾರ ಎನ್ನುತ್ತೇವೆ. ಆಗ ಬೆಳಕು ಹರಿಯುವ ಮೊದಲೇ ಆರಾಧನೆ ಮುಗಿಸುತ್ತೇವೆ, ಬಸ್ಸುಗಳು ಹೊತ್ತು ಮುಳುಗಿದ ಮೇಲೆ ಓಡುತ್ತವೆ, ಮನೆಯ ಬಾಗಿಲಿಗೆ ಒದ್ದೆ ಗೋಣಿ ಇಳಿಬಿಟ್ಟು ಒಳಗೆ ಕೂರುತ್ತೇವೆ. ಆದರೆ ದಿಬ್ಬದ ಕೆಳಗಿನ ತಗಡಿನ ಮನೆಗಳಲ್ಲಿ ಗೋಣಿಯಿಂದ ಏನೂ ಆಗುವುದಿಲ್ಲ. ಅಲ್ಲಿರುವವರಿಗಾಗಿಯೇ ನಮ್ಮ ಮೂರು ಸಭೆಗಳು ಒಂದಾದವು. ಅದಕ್ಕೆ ಮುಂಚೆ ನಾವು ಒಬ್ಬರ ಮದುವೆಗೆ ಒಬ್ಬರು ಹೋಗುತ್ತಿದ್ದೆವು, ಅಷ್ಟೇ.

ತಮಿಳು ಸಭೆಯ ಪಾಸ್ಟರಮ್ಮ ಅರುಳ್‌ಮೊಳಿ ಹೊಸದಾಗಿ ಬಂದ ವರ್ಷ ಮೂರು ಸಭೆಗಳ ಹಿರಿಯರನ್ನೂ ಕೂರಿಸಿ ಕೆಲಸ ಹಂಚಿದರು. ತಮಿಳು ಚರ್ಚಿನ ಅಡುಗೆಮನೆಯಲ್ಲಿ ಇಡೀ ಪಾಳ್ಯಕ್ಕೆ ರಾಗಿ ಗಂಜಿ, ಮಜ್ಜಿಗೆ. ತೆಲುಗು ಚರ್ಚಿನಲ್ಲಿ ಬಿಸಿಲು ತಗುಲಿದವರಿಗೆ ಶುಶ್ರೂಷೆ. ನಮ್ಮ ಕನ್ನಡ ಚರ್ಚು ಕಲ್ಲಿನದು, ಅರ್ಧ ನೆಲದೊಳಗೆ ಇಳಿದದ್ದು. ಹೊರಗೆ ಐವತ್ತೆರಡು ಡಿಗ್ರಿ ಇದ್ದರೂ ಒಳಗೆ ಕೂರಬಹುದು. ಅದನ್ನು ತಂಪುಮನೆ ಮಾಡಿದರು. ಬೆಂಚುಗಳನ್ನು ತೆಗೆದು ನೂರ ಇಪ್ಪತ್ತು ಚಾಪೆ ಹಾಸಿದೆವು. ಹೆಸರು ಕೇಳುವಂತಿಲ್ಲ, ಯಾವ ದೇವರು ಎಂದು ಕೇಳುವಂತಿಲ್ಲ, ಯಾರಿಗಾಗಿಯೂ ಜಾಗ ಹಿಡಿದಿಡುವಂತಿಲ್ಲ ಎಂದು ನಿಯಮವಾಯಿತು. ಬಾಗಿಲು ನೋಡಿಕೊಳ್ಳುವ ಕೆಲಸವನ್ನು ನಾನೇ ಕೇಳಿ ಪಡೆದೆ. ಆಗ ನನಗೆ ಐವತ್ತನಾಲ್ಕು.

2141ರ ಮೇ ತಿಂಗಳ ಉರಿವಾರದಲ್ಲಿ ನನ್ನ ತಂಗಿ ರೂತ್ ಬಂಗಾರಪೇಟೆಯಿಂದ ಹೇಳಿ ಕಳಿಸಿದಳು. ಉಬ್ಬಸ ಜೋರಾಗಿದೆ, ಇವತ್ತು ಯಾರದಾದರೂ ಗಾಡಿ ಸಿಕ್ಕಿದರೆ ಹಗಲಲ್ಲೇ ಬರುತ್ತೇನೆ, ಇಲ್ಲದಿದ್ದರೆ ರಾತ್ರಿ ಬಸ್ಸಿಗೆ ಎಂದು. ಬೆಳಿಗ್ಗೆಯಿಂದಲೇ ಜನ ತುಂಬಿಕೊಳ್ಳುತ್ತಿದ್ದರು. ಉತ್ತರದ ಕಿಟಕಿ ಪಕ್ಕ, ಗಾಳಿ ಚೆನ್ನಾಗಿ ಬರುವ ಕಡೆ, ಒಂದು ಚಾಪೆಯ ಮೇಲೆ ನನ್ನ ಶಾಲು ಮಡಿಸಿಟ್ಟೆ. ಯಾರಾದರೂ ಅದರ ಕಡೆ ನೋಡಿದರೆ, ಒಬ್ಬರು ಹೊರಗೆ ಹೋಗಿದ್ದಾರೆ ಎಂದೆ.

ಮಧ್ಯಾಹ್ನ ಹನ್ನೆರಡೂವರೆಗೆ ಬಾಗಿಲು ಬಡಿದ ಸದ್ದು. ತೆಗೆದರೆ ಗಂಡ ಹೆಂಡತಿ. ದಿಬ್ಬದ ಮೇಲೆ ಹಳೇ ಗಾಜು ಆಯುವವರು, ಮುಳಬಾಗಿಲು ಕಡೆಯಿಂದ ಬಂದು ಎರಡು ತಿಂಗಳಾಗಿತ್ತು. ಅವನು ಗೋಡೆ ಹಿಡಿದು ನಿಂತಿದ್ದ. ಬೆವರು ನಿಂತು ಚರ್ಮ ಒಣಗಿತ್ತು. ಅದು ಜೀವಕ್ಕೇ ಬಂದಿರುವುದರ ಗುರುತೆಂದು ಬಾಗಿಲಿನಲ್ಲಿ ನಿಲ್ಲುವವರಿಗೆಲ್ಲ ಕಲಿಸಿದ್ದರು. ನನಗೆ ಗೊತ್ತಿತ್ತು.

“ಅಮ್ಮ, ಇವ್ರೊಬ್ರಿಗೆ ಜಾಗ ಕೊಡಿ ಸಾಕು. ನಾನು ಹೊರಗೇ ಕೂತ್ಕೋತೀನಿ” ಎಂದಳು ಹೆಂಡತಿ.

“ತುಂಬೋಗಿದೆಯಮ್ಮ. ತೆಲುಗು ಚರ್ಚಿಗೆ ಕರ್ಕೊಂಡು ಹೋಗು, ಅಲ್ಲಿ ಔಷಧಿನೂ ಇದೆ” ಎಂದೆ.

“ಎಷ್ಟು ದೂರ?”

“ಇಲ್ಲೇ, ಹತ್ತು ನಿಮಿಷ.”

ನಿಂತ ಜಾಗದಲ್ಲೇ ಕುಡಿಯಲು ಒಂದು ಲೋಟ ಉಪ್ಪುನೀರು ಕೊಟ್ಟೆ. ಒಂದು ಒದ್ದೆ ಟವೆಲನ್ನೂ ಕೊಟ್ಟೆ. ಅವನು ಕುಡಿದು, ಲೋಟ ವಾಪಸ್ ಕೊಟ್ಟು, ನನಗೆ ಕೈ ಮುಗಿದ. ಅವರು ಬೆನ್ನು ತಿರುಗಿಸಿದ ಮೇಲೆ ಬಾಗಿಲು ಹಾಕಿದೆ. ಆ ದಾರಿಯಲ್ಲಿ ಆಗ ಒಂದು ಮರವೂ ಇರಲಿಲ್ಲ.

ಒಂದು ಗಂಟೆಯೊಳಗೆ ತೆಲುಗು ಸಭೆಯ ಹಿರಿಯರಾದ ಯೋಸೇಪು ತಾತ ಮತ್ತು ಇನ್ನಿಬ್ಬರು ಅವನನ್ನು ಕೈಗಾಡಿಯಲ್ಲಿ ಮಲಗಿಸಿ ನಮ್ಮ ಬಾಗಿಲಿಗೇ ತಂದರು. ಅವನು ಅರ್ಧ ದಾರಿಯನ್ನೂ ದಾಟದೆ ಬಿದ್ದಿದ್ದ, ನಮ್ಮ ಚರ್ಚೇ ಹತ್ತಿರವಾಗಿತ್ತು. ಉಸಿರು ಹೋಗಿತ್ತು. ಹೆಂಡತಿ ಗಾಡಿಯ ಹಿಂದೆ ಬರಿಗಾಲಲ್ಲಿ ನಡೆದು ಬಂದಿದ್ದಳು. ತಾತ ನನ್ನನ್ನು ಗದರಲಿಲ್ಲ. “ಒಳಗೆ ಜಾಗ ಇಲ್ದೇ ಹೋಯ್ತಾಮ್ಮ?” ಎಂದಷ್ಟೇ ಕೇಳಿದರು.

“ಒಂದು ಚಾಪೆಯಷ್ಟೂ ಇರ್ಲಿಲ್ಲ ತಾತ.”

ಅವರು ಒಳಗೆ ಬರುವ ಮುಂಚೆ ನಾನು ಹೋಗಿ ಆ ಚಾಪೆ ಸುತ್ತಿ, ಶಾಲಿನ ಸಮೇತ ವೇದಿಕೆಯ ಹಿಂದೆ ಇಟ್ಟೆ. ಅಂಚಿಗೆ ಅಂಚು ಸೇರಿಸಿ ಅಚ್ಚುಕಟ್ಟಾಗಿ ಸುತ್ತಿದ್ದೆ. ಅದನ್ನು ಇಲ್ಲಿ ಬರೆಯಲೇಬೇಕು. ರೂತ್ ಆ ದಿನ ಬರಲಿಲ್ಲ. ಎರಡು ದಿನ ಬಿಟ್ಟು ರಾತ್ರಿ ಬಸ್ಸಿಗೆ ಬಂದಳು, ಉಬ್ಬಸ ಇಳಿದಿತ್ತು.

ಆ ಸಾವಿನಿಂದ ಊರು ಎಚ್ಚೆತ್ತಿತು. ತಂಪುಮನೆ ತುಂಬಿದಾಗ ಜನ ಸುರಕ್ಷಿತವಾಗಿ ಇನ್ನೊಂದು ಚರ್ಚಿಗೆ ಹೋಗುವಂತಿರಬೇಕು ಎಂದು ಪಾಸ್ಟರಮ್ಮ ಹೇಳಿದರು. ಮೂರು ಚರ್ಚುಗಳ ನಡುವಿನ ಮೂರು ಕಿಲೋಮೀಟರ್ ದಾರಿಗೆ ಕಂಬ ನೆಟ್ಟು ಚಪ್ಪರ ಹಾಕಿದೆವು. ನೆರಳುದಾರಿ ಎಂದು ಅದಕ್ಕೆ ಹೆಸರು. ಗುಂಡಿ ತೋಡಲು ಮಸೀದಿಯವರು ಬಂದರು, ಗಂಗಮ್ಮನ ಗುಡಿಯವರು ಬಂದರು, ಮೂರು ಸಭೆಯವರೂ ಮೊದಲ ಸಲ ಒಂದೇ ಪಂಕ್ತಿಯಲ್ಲಿ ಉಂಡರು. ನೂರು ಹೆಜ್ಜೆಗೊಂದು ನೀರಿನ ನಲ್ಲಿ ನಾನೇ ಹಾಕಿದೆ. ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗುತ್ತಿದ್ದೆ. ಯೂನಿಸಮ್ಮನ ಮನಸ್ಸು ಎಷ್ಟು ನೊಂದಿದೆ ನೋಡಿ ಎಂದು ಜನ ಮಾತಾಡಿಕೊಂಡರು. ಆ ದಾರಿಯಿಂದ ಎಷ್ಟೋ ಜೀವ ಉಳಿದಿವೆ, ಅದು ನಿಜ. ತಂಪುಮನೆ ಆ ದಿನ ತುಂಬಿತ್ತು ಎಂಬ ನನ್ನ ಮಾತಿನ ಮೇಲೆ ಅದು ನಿಂತಿದೆ, ಅದೂ ನಿಜ.

ನಮ್ಮ ಆರಾಧನೆ ಶುರುವಾಗುವುದು ಪಾಪದ ಅರಿಕೆಯಿಂದ. ಮಾಡಬಾರದ್ದನ್ನು ಮಾಡಿದ್ದೇವೆ, ಮಾಡಬೇಕಾದ್ದನ್ನು ಬಿಟ್ಟಿದ್ದೇವೆ ಎಂಬರ್ಥದ ಮಾತನ್ನು ಎಲ್ಲರೂ ಒಟ್ಟಿಗೆ ಹೇಳುತ್ತೇವೆ. ಹದಿನೇಳು ವರ್ಷ ನಾನು ಆ ‘ನಾವು’ ಎಂಬ ಮಾತಿನೊಳಗೆ ಅಡಗಿ ಕೂತೆ. ಇನ್ನೂರು ಜನರ ಧ್ವನಿಯಲ್ಲಿ ನನ್ನದು ಯಾವುದು ಎಂದು ಯಾರಿಗೂ ಕೇಳಿಸುತ್ತಿರಲಿಲ್ಲ. ಮಕ್ಕಳನ್ನು ಸಭೆಗೆ ಸೇರಿಸಿಕೊಳ್ಳುವ ಮುಂಚಿನ ದೃಢೀಕರಣದ ಪಾಠದಲ್ಲಿ ಹೆಣ್ಣುಮಕ್ಕಳಿಗೆ, ಕೊಲ್ಲಬೇಡ ಎಂಬ ಐದನೇ ಆಜ್ಞೆ ಕಲಿಸುತ್ತಿದ್ದವಳೂ ನಾನೇ. ಕೈಯಾರೆ ಕೊಲ್ಲುವುದಷ್ಟೇ ಅಲ್ಲ, ನೆರೆಯವನ ಜೀವಕ್ಕೆ ಒದಗಬಹುದಾಗಿದ್ದಾಗ ಒದಗದಿರುವುದೂ ಆ ಆಜ್ಞೆಯನ್ನು ಮುರಿದಂತೆ ಎಂದು ವಿವರಿಸುತ್ತಿದ್ದೆ. ವಿವರಿಸಿ ಮನೆಗೆ ಹೋಗಿ ಊಟ ಮಾಡುತ್ತಿದ್ದೆ.

ಇನ್ನು ನಿಮ್ಮ ವಿಷಯ. ಈ ಮಾತನ್ನು ನೇರವಾಗಿ ನಿಮಗೇ ಹೇಳಬೇಕು. ಆ ಮನುಷ್ಯ ಹೇಗೆ ಸತ್ತ ಎಂದು ಹೊಸಬರು ಕೇಳಿದಾಗಲೆಲ್ಲ ನಾನು ನಿಮ್ಮನ್ನು ಬೈಯುತ್ತಿದ್ದೆ. ನೂರು ವರ್ಷದ ಹಿಂದಿನವರು ಮಾಡಿಟ್ಟ ಬಿಸಿಲು, ಅವರಿಗೆ ಗೊತ್ತಿದ್ದೂ ಸುಮ್ಮನಿದ್ದರು, ಅವರ ಪಾಪ ಇವನನ್ನು ತಿಂದಿತು ಎನ್ನುತ್ತಿದ್ದೆ. ಕೇಳಿದವರು ತಲೆಯಾಡಿಸುತ್ತಿದ್ದರು. ಸತ್ತವರನ್ನು ಬೈದರೆ ಎದುರು ಮಾತಾಡುವವರು ಯಾರು? ಹೇಳುತ್ತಾ ಹೇಳುತ್ತಾ ಅದು ನನಗೆ ಎಷ್ಟು ಅಭ್ಯಾಸವಾಯಿತೆಂದರೆ, ಕೆಲವು ವರ್ಷ ಕಿಟಕಿ ಪಕ್ಕದ ಆ ಜಾಗ ನನಗೆ ನೆನಪಿಗೂ ಬರಲಿಲ್ಲ.

ಸತ್ತವನ ಹೆಂಡತಿಯ ಹೆಸರು ಚೆಂಗಮ್ಮ. ಅವಳು ಊರು ಬಿಟ್ಟು ಹೋಗಲಿಲ್ಲ. ತಮಿಳು ಚರ್ಚಿನ ಅಡುಗೆಮನೆಗೆ ಸೇರಿದಳು, ಈಗ ಅದನ್ನು ನಡೆಸುವವಳೇ ಅವಳು. ಇವತ್ತಿಗೂ ಶುಕ್ರವಾರ ಗಂಗಮ್ಮನ ಗುಡಿಗೆ ಹೋಗುತ್ತಾಳೆ, ಭಾನುವಾರ ನಮ್ಮೆಲ್ಲರಿಗೆ ಗಂಜಿ ಕಾಸುತ್ತಾಳೆ. ಹದಿನೇಳು ವರ್ಷ ನನಗೂ ಬಡಿಸಿದ್ದಾಳೆ. ನೀವಾದ್ರೂ ನೀರು ಕೊಟ್ರಲ್ಲ ಅಕ್ಕ ಎಂದು ಒಮ್ಮೆ ಹೇಳಿದ್ದಳು.

ನೆರಳುದಾರಿ ಶುರುವಾದ ಕತೆಯನ್ನೇ ಈ ಸಲದ ಹಿಂಗಾಗದದಲ್ಲಿ ಬರೆಯಬೇಕೆಂದು ಮೂರು ಸಭೆಯ ಹಿರಿಯರು ನನಗೆ ಹೇಳಿದರು. ಚೆಂಗಮ್ಮನ ಗಂಡನ ವಿಷಯ ಕೇಳಿ ತಿಳಿದುಕೊಳ್ಳಲೆಂದು ಎರಡು ವಾರದ ಹಿಂದೆ ಅಡುಗೆಮನೆಗೆ ಹೋದೆ. ಅವಳು ಈರುಳ್ಳಿ ಹೆಚ್ಚುತ್ತಾ ಹೇಳತೊಡಗಿದಳು. ನಾರೆಪ್ಪ ಈಚಲು ಗರಿಯಲ್ಲಿ ಚಾಪೆ ಹೆಣೆಯುತ್ತಿದ್ದ, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ, ಖಾರ ತಿನ್ನುತ್ತಿರಲಿಲ್ಲ. ನಾನು ಬರೆದುಕೊಳ್ಳುತ್ತಿದ್ದೆ. ಅವನ ಹೆಸರನ್ನು ನಾನು ಹದಿನೇಳು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ ಎಂದು ಹೊಳೆದು ಪೆನ್ನು ನಿಂತಿತು.

“ಚೆಂಗಮ್ಮ, ಆ ದಿನ ಜಾಗ ಇತ್ತು” ಎಂದೆ.

ಅವಳು ತಲೆಯೆತ್ತಲಿಲ್ಲ. “ಏನಂದ್ರಿ?”

“ಒಂದು ಚಾಪೆ ಇತ್ತು. ನನ್ನ ತಂಗಿಗೆ ಅಂತ ಇಟ್ಕೊಂಡಿದ್ದೆ. ಅವಳು ಬರ್ಲಿಲ್ಲ.”

ಈರುಳ್ಳಿ ಹೆಚ್ಚುವುದು ಸ್ವಲ್ಪ ಹೊತ್ತು ಹಾಗೇ ನಡೆಯಿತು. ಆಮೇಲೆ ಕೇಳಿದಳು. “ಎಲ್ಲಿತ್ತು?”

“ಕಿಟಕಿ ಪಕ್ಕ.”

“ಗಾಳಿ ಬರೋ ಕಡೆ.”

“ಹೂಂ.”

ಅವಳು ಈಳಿಗೆಮಣೆ ಮಡಚಿ, ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಹೊರಗೆ ಹೋದಳು. ಮೂರು ದಿನ ಬರಲಿಲ್ಲ. ನಾನೂರು ಜನದ ಗಂಜಿಯನ್ನು ಉಳಿದವರು ಹೇಗೋ ಕಾಸಿದರು, ತಳ ಹತ್ತಿತ್ತು. ಅವಳಿಗೆ ಹೇಳಿದ ದಿನವೇ ಸಂಜೆ ಪಾಸ್ಟರಮ್ಮನ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರಿಗೀಗ ಕಣ್ಣು ಮಂಜು. ನನ್ನ ತಲೆಯ ಮೇಲೆ ಕೈಯಿಟ್ಟು ದೇವರ ಕ್ಷಮೆಯ ಮಾತು ಹೇಳಿದರು. ಹೇಳಿದ ಮೇಲೂ ಕೈ ತೆಗೆಯಲಿಲ್ಲ, ಅವರೂ ಅಳುತ್ತಿದ್ದರು. ಯೋಸೇಪು ತಾತ ಈ ಮಾತು ಕೇಳಲು ಬದುಕಿಲ್ಲ. ಅವರ ಮಗಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನನ್ನ ತಂಗಿ ರೂತ್, ತನ್ನ ಹೆಸರನ್ನು ಯಾಕೆ ಇದಕ್ಕೆ ಸೇರಿಸಿದೆ ಎಂದು ಕೇಳಿದಳು. ಅವಳು ಕೇಳಿದ್ದು ಸರಿಯೇ.

ನಾಲ್ಕನೇ ದಿನ ಮುಂಜಾನೆ ಚೆಂಗಮ್ಮ ನಮ್ಮ ಮನೆಗೆ ಬಂದಳು. ಒಳಗೆ ಕರೆದರೆ ಬರಲಿಲ್ಲ, ಹೊಸ್ತಿಲಾಚೆ ನಿಂತೇ ಮಾತಾಡಿದಳು.

“ಕ್ಷಮಿಸು ಅಂತ ನನ್ನ ಕೇಳ್ಬೇಡಿ ಅಕ್ಕ. ಕೇಳಿದ್ರೆ ನಾಲ್ಕು ಜನದ ಮುಂದೆ ನಾನು ಹೂಂ ಅನ್ಬೇಕಾಗುತ್ತೆ. ನಂಗಿನ್ನೂ ಆಗಲ್ಲ.”

“ಕೇಳಲ್ಲ” ಎಂದೆ.

“ಕಾಗದ ಬರೀರಿ. ಅವ್ರ ಹೆಸರು ಬರೀರಿ. ಬಿಸ್ಲಿಗೆ ಸತ್ತ ಅಂತ ಬರೀಬೇಡಿ. ಆಮೇಲೆ ತಂಪುಮನೆ ಬಾಗಿಲು ನಾನು ನೋಡ್ಕೋತೀನಿ. ಹಿರಿಯರಿಗೆ ನೀವೇ ಹೇಳಿ.”

ಅದನ್ನೇ ಹೇಳಿದೆ. ಯಾರೂ ಬೇಡ ಎನ್ನಲಿಲ್ಲ. ಈಗ ಬಾಗಿಲು ಅವಳದು. ನಾನು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತೇನೆ. ಪಕ್ಕದಲ್ಲಿ ಕೂರುವವರು ಕಡಿಮೆ.

ಆದ್ದರಿಂದ ಬರೆಯುತ್ತಿದ್ದೇನೆ. ಮುಳಬಾಗಿಲು ಕಡೆಯ ನಾರೆಪ್ಪ, ವಯಸ್ಸು ನಲವತ್ತೊಂದು, ನಾನು ಬಾಗಿಲು ಹಾಕಿದ್ದರಿಂದ ಸತ್ತ. ಬಿಸಿಲನ್ನು ಕಾಯಿಸಿದವರು ನೀವು ಹೌದು, ಅದರ ಪಾಲು ನಿಮ್ಮ ಹತ್ತಿರವೇ ಇರಲಿ. ಅದನ್ನು ನಾನು ಮನ್ನಿಸಲಾರೆ, ಮನ್ನಿಸುವ ಯೋಗ್ಯತೆಯೂ ನನಗಿಲ್ಲ. ಆದರೆ ನನ್ನ ಪಾಲನ್ನೂ ನಿಮ್ಮ ತಲೆಗೆ ಕಟ್ಟಿದ್ದೆ. ಅದಕ್ಕಾಗಿ ನಿಮ್ಮಲ್ಲಿ ಕ್ಷಮೆ ಕೇಳುತ್ತೇನೆ. ನಿಮ್ಮ ಊರುಗಳಲ್ಲೂ ಸಭೆಗಳು ಸೇರಿ ಅನ್ನ ಹಾಕುತ್ತಿರಬಹುದು, ಆಸರೆ ಕೊಡುತ್ತಿರಬಹುದು. ದಯವಿಟ್ಟು ಮುಂದುವರಿಸಿ. ಒಟ್ಟಾಗಿ ಮಾಡುವ ಕೆಲಸ ದೊಡ್ಡದು. ಅದು ದೊಡ್ಡದಾಗಿರುವುದರಿಂದಲೇ ಒಬ್ಬ ಮನುಷ್ಯ ಅದರ ಹಿಂದೆ ಬಹಳ ಕಾಲ ಮರೆಯಾಗಿ ನಿಲ್ಲಬಹುದು. ಅಷ್ಟನ್ನು ನೋಡಿಕೊಳ್ಳಿ.

ನಾಡಿದ್ದಿನಿಂದ ಉರಿವಾರ ಎಂದು ಸೈರನ್ ಕಚೇರಿಯವರು ತಿಳಿಸಿದ್ದಾರೆ. ಎಪ್ಪತ್ತು ದಾಟಿದವರು ಈ ಸಲ ಮನೆಯಲ್ಲಿ ಇರದೆ ತಂಪುಮನೆ ಸೇರಬೇಕಂತೆ. ನನ್ನ ಎದೆಯೂ ಮೊದಲಿನಂತಿಲ್ಲ. ಅಡುಗೆ ಕೆಲಸ ಮುಗಿಸಿ, ನೆರಳುದಾರಿಯಲ್ಲಿ ನಡೆದು, ನಾನೂ ಹೋಗಿ ಆ ಬಾಗಿಲು ತಟ್ಟಬೇಕು. ಚೆಂಗಮ್ಮ ಒಳಗೆ ಬಿಟ್ಟುಕೊಳ್ಳುತ್ತಾಳೆ, ನನಗೆ ಗೊತ್ತು. ಬಿಟ್ಟುಕೊಳ್ಳುವುದಿಲ್ಲ ಎಂದು ಗೊತ್ತಿದ್ದಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ.

ಹೋಗಿಬರುತ್ತೇನೆ.

ಯೂನಿಸ್ ಕರುಣಾಕರ
ದಿಬ್ಬದಪಾಳ್ಯದ ಕನ್ನಡ ಸಭೆಯವಳು