ಗೆದ್ದವನಿಗೊಂದು ವಾಯಿದೆ ಕೊಡಿ

ಮಾನ್ಯ ನ್ಯಾಯಾಧೀಶರೇ,

ನಮ್ಮ ಲೋಕಿಕೆರೆಯ ಇಬ್ಬರು ಮುದುಕರಿಗೆ ತಾವು ನ್ಯಾಯ ಕೊಟ್ಟಿರಿ. ನನ್ನ ದೂರು ಅದೇ.

ಈ ಕಥೆಯನ್ನು ಮೊದಲು ಹೇಳಿದವಳು ದಾವಣಗೆರೆಯಲ್ಲಿ ಕೋರ್ಟಿನೆದುರು ಬೇವಿನ ಮರದಡಿ ಮಂಡಕ್ಕಿ ಮಾರುವ ರಹಮತ್ ಬೀ. ಹೇಳಿದ್ದು ಈ ೧೯೫೮ರ ದೀಪಾವಳಿ ಕಳೆದ ವಾರ, ಸಂಜೆ ಬಸ್ಸು ಕಾಯುತ್ತಿದ್ದ ನಮ್ಮೂರ ಮೂವರಿಗೆ. ನಮ್ಮೂರ ಸುದ್ದಿ ನಮಗೆ ಪೇಟೆಯಲ್ಲಿ ತಿಳಿಯಬೇಕಾಯಿತು.

ಕಾಟಪ್ಪ, ಪಾಲಯ್ಯ ಅಕ್ಕಪಕ್ಕದ ಮನೆಯವರು. ಇಬ್ಬರ ಹೆಂಡಂದಿರೂ ತೀರಿಹೋಗಿದ್ದಾರೆ. ಎರಡು ಗೋಡೆಗಳ ನಡುವಿನ ಸಂದಿ ಯಾರದೆಂದು ಮಹಾರಾಜರ ಕಾಲದಲ್ಲಿ ದಾವೆ ಹೂಡಿಕೊಂಡರು. ದಾವೆ ಬಿದ್ದ ಮೇಲೆ ಊರೊಳಗೆ ಮಾತಾಡುವ ಹಾಗಿಲ್ಲ, ಒಬ್ಬರ ಮನೆಯ ನೀರು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಆದರೆ ಕೋರ್ಟಿನ ವಾಯಿದೆಯ ದಿನ ಇಬ್ಬರಿಗೂ ಒಂದೇ ಬಸ್ಸು. ಊರು ಮರೆಯಾದದ್ದೇ ಒಂದೇ ಸೀಟು. ಬೇವಿನ ಮರದಡಿ ಕಾಟಪ್ಪನ ರೊಟ್ಟಿ, ಪಾಲಯ್ಯನ ಶೇಂಗಾ ಚಟ್ನಿ. ಒಳಗಿಂದ ಕರೆ ಬಂದರೆ ಎದ್ದು ಹೋಗಿ ಆಚೆಗೊಬ್ಬ ಈಚೆಗೊಬ್ಬ ಮುಖ ತಿರುಗಿಸಿ ನಿಲ್ಲುವರು. ಮುಂದಿನ ತಾರೀಕು ಸಿಕ್ಕಿದ ಮೇಲೆ ಬಂದು ಉಳಿದ ರೊಟ್ಟಿ ತಿನ್ನುವರು.

ತಮ್ಮ ಹಿಂದಿನವರು ದಯಾವಂತರು, ತಾರೀಕು ಕೊಡುತ್ತಲೇ ನಿವೃತ್ತರಾದರು. ತಾವು ಚುರುಕಿನವರು. ಒಂದೇ ಬೆಳಗಿನಲ್ಲಿ ಸಂದಿ ಕಾಟಪ್ಪನದೆಂದುಬಿಟ್ಟಿರಿ.

“ಮುಂದಿನ ತಾರೀಕು ಯಾವಾಗ್ರಿ?” ಎಂದು ಕಾಟಪ್ಪ ತನ್ನ ವಕೀಲರನ್ನು ಕೇಳಿದ.

“ತಾರೀಕಿಲ್ಲ ಕಾಟಪ್ಪಾರೆ, ನೀವು ಗೆದ್ರಿ.”

“ಗೆದ್ದಿದ್ದು ಸರಿ. ಮತ್ತೆ ಬರಾದು ಯಾವಾಗ?”

ಮರದಡಿ ಬಂದು, ಗೆದ್ದವನು ಸೋತವನನ್ನು ಅಂಗಲಾಚಿದನಂತೆ, ಅಪೀಲು ಹಾಕೆಂದು. ಪಾಲಯ್ಯ ಆಗದೆಂದು ತಲೆಯಾಡಿಸಿದ. “ಹರಿಹರದಾಗಿರೋ ನನ್ ಮಗ ಒಪ್ಪಲ್ಲ. ವಯಸ್ಸಾತು, ಮನ್ಯಾಗೆ ಆರಾಮ ಇರು ಅಂತಾನೆ.”

ಆರಾಮ! ಮನೆಯಲ್ಲಿ ಜನರಿಲ್ಲವೇ ಎಂದು ತಾವು ಕೇಳಬಹುದು. ಕಾಟಪ್ಪನ ಮನೆ ತುಂಬ ಮಕ್ಕಳು, ಸೊಸೆಯರು. ಎಲ್ಲರೂ “ಉಂಡ್ಯಾ?” ಎನ್ನುತ್ತಾರೆ, ಉತ್ತರಕ್ಕೆ ಯಾರೂ ನಿಲ್ಲುವುದಿಲ್ಲ. ಪಕ್ಕದ ಮನೆಗೇ ಹೋಗಬಾರದೇ? ಗೆದ್ದವನು ಹೋದರೆ ಹಂಗಿಸಲು ಬಂದ ಎನ್ನುತ್ತದೆ ಊರು. ಸೋತವನು ಹೋದರೆ ಕಾಲಿಗೆ ಬಿದ್ದ ಎನ್ನುತ್ತದೆ. ಇದಕ್ಕೆ ತಮ್ಮ ಕಾನೂನಿನಲ್ಲಿ ಯಾವ ಕಲಮು ಇದೆ? ಹಬ್ಬಕ್ಕೆ ಮುಂಚೆ ಕಾಟಪ್ಪ ಒಬ್ಬನೇ ಬಂದು, ಮರದಡಿ ಕೂತು, ಬುತ್ತಿ ಬಿಚ್ಚದೆ ಸಂಜೆ ಬಸ್ಸಿಗೆ ಹೋದನೆಂದಳು ರಹಮತ್ ಬೀ.

ನಾವು ಮೂವರೂ ಬಸ್ಸಿನಲ್ಲೇ ಒಂದು ಉಪಾಯ ಹೂಡಿದೆವು. ಮರುದಿನ ಬೆಳಿಗ್ಗೆ ನನ್ನ ಎಮ್ಮೆಯನ್ನು ಹೊಡೆದುಕೊಂಡು ಹೋಗಿ ಆ ಸಂದಿಯೊಳಗೆ ಕಟ್ಟಿದೆವು. ತಿರುಗಲು ಜಾಗವಿಲ್ಲದೆ ಅದು ಒದರಿತು. ಕೋಲು ಹಿಡಿದು ಬಂದ ಕಾಟಪ್ಪನಿಗೆ, ಈ ಜಾಗ ನನ್ನದು, ಬೇಕಾದರೆ ಕೋರ್ಟಿಗೆ ಹೋಗು ಎಂದೆ. ಆತ ಎಮ್ಮೆಯನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ಓಣಿಯೆಲ್ಲ ನೋಡುತ್ತಿರುವಾಗಲೇ ಪಕ್ಕದ ಮನೆಯ ಬಾಗಿಲಿಗೆ ಹೋಗಿ ಕರೆದ: “ಪಾಲಯ್ಯ, ಅಂಗಿ ಹಾಕ್ಕೊಂಡು ಬಾರೋ. ನನಗೆ ಸಾಕ್ಷಿ ಬೇಕಾಗೇತಿ.”

ಸ್ವಾಮಿ, ಕಾಟಪ್ಪ ನನ್ನ ಮೇಲೆ ಹೂಡಿದ ದಾವೆ ಈಗ ತಮ್ಮ ಮುಂದೆ ಬರುತ್ತದೆ. ನನ್ನ ಬಳಿ ಒಂದು ಚೂರು ಕಾಗದವಿಲ್ಲ. ತಾವು ಮನಸ್ಸು ಮಾಡಿದರೆ ಮಧ್ಯಾಹ್ನದೊಳಗೆ ಸೋಲುತ್ತೇನೆ. ದಯವಿಟ್ಟು ಮನಸ್ಸು ಮಾಡಬೇಡಿ. ನನಗೆ ಜ್ವರ ಬರಲಿ, ವಕೀಲರು ಮದುವೆಗೆ ಹೋಗಲಿ, ತಮಗೆ ರಜೆ ಸಿಗಲಿ. ಆ ಇಬ್ಬರಿಗೂ ಬಸ್ಸು ಹತ್ತುವ ಶಕ್ತಿ ಇರುವ ತನಕ ವಾಯಿದೆ ಕೊಡುತ್ತಲೇ ಇರಿ.

ಇಂತಿ,
ಸೋಲಲು ಅವಸರವಿಲ್ಲದ ತಮ್ಮ ಪ್ರತಿವಾದಿ,
ಸೂರಪ್ಪ, ಲೋಕಿಕೆರೆ