ಕಂಪನಿ ರಾಡು, ಹೊಸ ಟರ್ಬೋ

ನವೆಂಬರ್ 10, ಸೋಮವಾರ. ಬೆಳಿಗ್ಗೆ

ಇವತ್ತೂ ಹೊಗೆ. ಸ್ಟಾರ್ಟ್ ಮಾಡಿದ ಕೂಡಲೇ ಹಿಂದೆ ನೀಲಿ ಹೊಗೆ, ಗೇಟಿನವರೆಗೂ. ಅಬ್ಬಾ ಬಾಗಿಲಲ್ಲಿ ನಿಂತು ನೋಡಿದರು. ಎಂಜಿನ್ ಆಯಿಲ್ ಮತ್ತೆ ಕಡಿಮೆಯಾಗಿದೆ. ಹೋದ ವಾರವಷ್ಟೇ ಹಾಕಿದ್ದೆ.

ಸಂಜೆ

ಕುರುಗೋಡಿನಿಂದ ಬರುವಾಗ ದುರ್ಗಾದೇವಿ ಮೇಡಂ ದಾರಿಯುದ್ದಕ್ಕೂ ಏನನ್ನೋ ಆಲಿಸುತ್ತಾ ಕೂತಿದ್ದರು. ಇಬ್ಬರದೂ ಒಂದೇ ಪಿಯು ಕಾಲೇಜು. ಅವರು ಕನ್ನಡ, ನಾನು ಫಿಸಿಕ್ಸ್. ದಿನಾ ಬಳ್ಳಾರಿಯಿಂದ ನನ್ನ ಕಾರಿನಲ್ಲೇ ಹೋಗಿ ಬರುವುದು.

"ಸುಮೈರಾ, ನಿನ್ನ ಕಾರು ಸಿಳ್ಳಿ ಹೊಡಿಯಾಕತ್ತೈತಲ್ಲ. ಈ ವಯಸ್ಸಿನ್ಯಾಗ ನನ್ನ ನೋಡಿ ಯಾರಪಾ ಸಿಳ್ಳಿ ಹೊಡಿಯೋರು ಅಂತ ಹಿಂದ ತಿರುಗಿ ನೋಡಿದೆ."

ನಕ್ಕೆ. ಆದರೆ ಆ ಸಿಳ್ಳೆ ನಾನೂ ಕೇಳಿದ್ದೇನೆ. ಕೇಳಿಸದ ಹಾಗೆ ರೇಡಿಯೋ ಜೋರು ಮಾಡುತ್ತಿದ್ದೆ, ಅಷ್ಟೆ.

ನವೆಂಬರ್ 12, ಬುಧವಾರ

ಬೈಪಾಸ್ ಹತ್ತಿರ ಗುರುಸ್ವಾಮಿಯ ಶೆಡ್ಡಿಗೆ ಹೋಗಿದ್ದೆ. ಈ ಕಾರು ಕೊಂಡಾಗಿನಿಂದ ಅವನೇ ಮೆಕ್ಯಾನಿಕ್. ಪೈಪು ಬಿಚ್ಚಿ, ಟರ್ಬೋದ ಫ್ಯಾನನ್ನು ಬೆರಳಿನಲ್ಲಿ ಅಲ್ಲಾಡಿಸಿ ತೋರಿಸಿದ.

"ಇದರ ಕಥಿ ಮುಗೀತ್ರಿ ಮೇಡಂ. ಶಾಫ್ಟ್ ಸವದೈತಿ. ಹಿಂಗ ಓಡಿಸಿದ್ರ ಒಂದಿನ ಫ್ಯಾನ್ ಮುರುದು ಒಳಗ ಹೋಗತೈತಿ."

ಮೂರು ದಾರಿ. ಕಂಪನಿಯದ್ದೇ ಇನ್ನೊಂದು. ಇಲ್ಲವೇ ಹೈಬ್ರಿಡ್ — ಹೊರಗಿನ ಕವಚ ಅದೇ, ಒಳಗಿನ ಫ್ಯಾನು ಸ್ವಲ್ಪ ದೊಡ್ಡದು. ಇಲ್ಲವೇ ಪೂರ್ತಿ ದೊಡ್ಡ ಟರ್ಬೋ. ಗಾಡಿ ಹಾರುತ್ತದೆ. ಆದರೆ ಎಂಜಿನ್ ಒಳಗಿನ ಪಿಸ್ಟನ್, ಅದನ್ನು ಹಿಡಿದಿರುವ ರಾಡು ಎಲ್ಲ ಕಂಪನಿ ಕೊಟ್ಟವೇ. ಅವು ಎಷ್ಟು ತಡೆಯುತ್ತವೆ ಎಂದು ಖಚಿತವಾಗಿ ಹೇಳುವವರು ಯಾರೂ ಇಲ್ಲ. ಇಂಟರ್ನೆಟ್ ಫೋರಂಗಳಲ್ಲಿ ಒಬ್ಬ ಏನೂ ಆಗಲ್ಲ ಅನ್ನುತ್ತಾನೆ, ಇನ್ನೊಬ್ಬ ತುಂಡಾದ ರಾಡಿನ ಫೋಟೋ ಹಾಕಿದ್ದಾನೆ. ಆ ಫೋಟೋ ನೋಡಬಾರದಿತ್ತು.

ಊಟಕ್ಕೆ ಕೂತಾಗ ಅಮ್ಮಿ ಕೇಳಿದರು, ಟರ್ಬೋ ಅಂದ್ರೇನು ಅಂತ. ಎಂಜಿನ್ನಿಗೆ ಗಾಳಿ ಒತ್ತಿ ತುಂಬೋದು ಅಂದೆ.

"ಜಾಸ್ತಿ ತುಂಬಿದ್ರ?"

"ಒಳಗಿಂದು ಒಡೀತೈತಿ ಅಮ್ಮಿ."

"ಮತ್ತ ಕಮ್ಮಿ ತುಂಬವಾ. ಅದಕ್ಯಾಕ ಮಾರಿ ಹಿಂಗ ಮಾಡ್ಕೊಂಡು ಕುಂತಿ?"

ನವೆಂಬರ್ 13

ಅಲ್ತಾಫ್ ಫೋನು. ದೊಡ್ಡದೇ ಹಾಕಿಸು ಅನ್ನುತ್ತಾನೆ. "ಹೆಂಗೂ ಬಿಚ್ಚಾಕತ್ತೀರಿ. ಸಣ್ಣದು ಹಾಕಿಸಿ ಆಮ್ಯಾಲ ಪಶ್ಚಾತ್ತಾಪ ಪಡಬ್ಯಾಡ." ಟಾರ್ಕು, ರಾಡು ಎಂದು ನಾನು ಶುರು ಮಾಡಿದರೆ — "ನೀ ಪಾಠ ಮಾಡೋ ಹುಡುಗ್ರಲ್ಲ ನಾವು" ಅಂದು ನಕ್ಕ. ನಾನೂ ನಕ್ಕೆ.

ಅಲ್ತಾಫನ ಮನೆಯವರು ಸಿರುಗುಪ್ಪದವರು, ಅಕ್ಕಿ ಮಿಲ್ಲು ಇದೆ. ಹುಡುಗಿ ನೋಡಲು ಬಂದ ದಿನ ಎಲ್ಲರೂ ಬಿರಿಯಾನಿಯಲ್ಲಿ ಮುಳುಗಿದ್ದಾಗ ಮೆಲ್ಲಗೆ ಕೇಳಿದ್ದ — ನಿಮ್ಮ ಗಾಡಿ ಯಾವ ಗೇರಿನಲ್ಲಿ ಚೆನ್ನಾಗಿ ಎಳೆಯುತ್ತದೆ? ಅಡುಗೆ ಬರುತ್ತಾ ಎಂದು ಕೇಳಲಿಲ್ಲ. ಒಪ್ಪಿದ್ದು ಅದಕ್ಕೇ. ಫೆಬ್ರವರಿ 8ಕ್ಕೆ ನಿಕಾ.

ನವೆಂಬರ್ 16, ಭಾನುವಾರ

ಸಿರುಗುಪ್ಪಕ್ಕೆ ಊಟಕ್ಕೆ ಕರೆದಿದ್ದರು. ಅಬ್ಬಾ, ಅಮ್ಮಿ, ನಾನು, ಬಾಡಿಗೆ ಗಾಡಿಯಲ್ಲಿ. ಅವನ ತಂದೆ ಹೈದರಸಾಬರು ಬಂದವರಿಗೆಲ್ಲ ಹೇಳುತ್ತಿದ್ದರು, "ನಮ್ಮ ಸೊಸಿ ಗಾಡಿ ಹೊಡೀತಾಳ್ರಿ, ಗಂಡಸ್ರಂಗ." ಹೊಗಳಿಕೆಯೇ ಇರಬೇಕು.

ಮಿಲ್ಲಿನ ಅಂಗಳದಲ್ಲಿ ಅಲ್ತಾಫನ ಜೊತೆ ಮಾತಾಡಲು ಸ್ವಲ್ಪ ಹೊತ್ತು ಸಿಕ್ಕಿತು. ಧೈರ್ಯ ಮಾಡಿ ಹೇಳಿದೆ — ಹೈಬ್ರಿಡ್ ಹಾಕಿಸ್ತೀನಿ. ಬೂಸ್ಟ್, ಅಂದರೆ ಟರ್ಬೋ ತುಂಬುವ ಗಾಳಿಯ ಒತ್ತಡ, ಒಂದು ಬಾರ್, ಅದರ ಮೇಲೆ ಬೇಡ. ದಿನಾ ಇನ್ನೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗುವ ಗಾಡಿ ಅದು.

ಭತ್ತದ ಹೊಟ್ಟು ಗಾಳಿಗೆ ಹಾರಿ ಬಂದು ಇಬ್ಬರ ತಲೆಯ ಮೇಲೂ ಕೂತಿತ್ತು.

"ಆತು. ನಿನ್ನ ಗಾಡಿ, ನಿನ್ನ ಇಷ್ಟ."

ವಾಪಸ್ ಬರುವಾಗ ಸಿರಿಗೇರಿ ದಾಟುವವರೆಗೂ ಒಳಗೊಳಗೇ ಖುಷಿ. ಇಷ್ಟು ಸುಲಭಕ್ಕೆ ಒಪ್ಪುತ್ತಾನೆ ಅಂದುಕೊಂಡಿರಲಿಲ್ಲ.

ನವೆಂಬರ್ 29, ಶನಿವಾರ

ಫಿಟ್ ಆಯಿತು! ಗುರುಸ್ವಾಮಿ ಹೊಸ ಮ್ಯಾಪ್ ಹಾಕಿದ, ಗಾಳಿ ಎಷ್ಟು ತುಂಬಬೇಕೆಂದು ಎಂಜಿನ್ನಿಗೆ ಹೇಳುವ ಪ್ರೋಗ್ರಾಂ ಅದು; ಡ್ಯಾಶ್ ಪಕ್ಕ ಬೂಸ್ಟ್ ಮೀಟರನ್ನೂ ಕೂರಿಸಿದ. ಮುಳ್ಳು ಸರಿಯಾಗಿ ಒಂದಕ್ಕೆ ಹೋಗಿ ನಿಲ್ಲುತ್ತದೆ. ಕುರುಗೋಡು ರಸ್ತೆಯಲ್ಲಿ ಮೂರನೇ ಗೇರ್, ಕಾಲು ಒತ್ತಿದೆ... ಬೆನ್ನು ಸೀಟಿಗೆ ಅಂಟಿತು. ಒಬ್ಬಳೇ ಕೂತು ಜೋರಾಗಿ ಕಿರುಚಿದೆ. ಪಕ್ಕದ ಹೊಲದವರು ತಿರುಗಿ ನೋಡಿದರು.

ರಾಡಿನ ಫೋಟೋ ಇವತ್ತು ನೆನಪಾಗಲಿಲ್ಲ. (ಈಗ ಬರೆಯುವಾಗ ಆಯಿತು.)

ಡಿಸೆಂಬರ್ 21, ಭಾನುವಾರ

ರಾರಾವಿಯಲ್ಲಿ ಅವರ ನೆಂಟರ ಮದುವೆ ಎಂದು ಅಲ್ತಾಫ್ ಶುಕ್ರವಾರ ಕಾರು ಒಯ್ದಿದ್ದ. ಇವತ್ತು ತಂದು ಕೊಟ್ಟ. ತೊಳೆಸಿದ್ದಾನೆ, ಟ್ಯಾಂಕ್ ತುಂಬಿಸಿದ್ದಾನೆ, ಸೀಟಿನ ಮೇಲೆ ಒಂದು ಮೊಳ ಮಲ್ಲಿಗೆ. ಅಮ್ಮಿ ಹೂವು ನೋಡಿ ನೋಡದ ಹಾಗೆ ಒಳಗೆ ಹೋದರು.

ಡಿಸೆಂಬರ್ 23

ಮುಳ್ಳು ಒಂದರಲ್ಲಿ ನಿಲ್ಲಲಿಲ್ಲ. 1.4.

ಮೇಡಂ ಪಕ್ಕದಲ್ಲಿದ್ದರು. ಕಾಲು ತೆಗೆದೆ. ವಾಪಸ್ ಬರುವಾಗ ಇನ್ನೊಮ್ಮೆ, ಮೆಲ್ಲಗೆ ಒತ್ತಿ ನೋಡಿದೆ. ಒಂದು ದಾಟಿತು.

ಅಲ್ತಾಫನಿಗೆ ಫೋನು ಮಾಡಿದೆ. ಗಾಡಿಗೆ ಏನಾದರೂ ಮಾಡಿಸಿದಿರಾ?

"ಏನ್ ಮಾಡ್ಸೂದು? ತೊಳಿಸೀನಿ."

"ಮೀಟರ್ 1.4 ತೋರಸ್ತೈತಿ."

"ಮೀಟರ್ ತಪ್ಪೈತಿ. ಅಗ್ಗದ ಮಾಲು ಅದು. ಭಾಳ ಹೆದರ್ತಿ ನೀ ಸುಮೈರಾ."

ಹೌದು, ಹೆದರುತ್ತೇನೆ. ಅದು ಗೊತ್ತಿರುವುದರಿಂದಲೇ ಅವನ ಮಾತು ನಿಜವಿರಬಹುದು ಅನಿಸುತ್ತದೆ.

ಡಿಸೆಂಬರ್ 26

ಗುರುಸ್ವಾಮಿ ಮಾಲೆ ಹಾಕಿದ್ದಾನೆ. ಶೆಡ್ಡಿಗೆ ಬೀಗ. ಶಬರಿಮಲೆಯಿಂದ ಬರುವುದು ಹೊಸ ವರ್ಷದ ಮೇಲೆಯೇ. ಬೇರೆ ಮೆಕ್ಯಾನಿಕ್‌ಗೆ ತೋರಿಸಲೇ? ಗಾಡಿ ಮುಟ್ಟಿದವರಿಗೇ ಗೊತ್ತು ಅದರ ಒಳಗು... ಅಲ್ಲಿಯವರೆಗೆ ಮೆಲ್ಲಗೆ ಓಡಿಸುವುದು. ಎರಡು ಸಾವಿರ ಆರ್‌ಪಿಎಂ ದಾಟಬಾರದು.

"ಯಾಕ ಎತ್ತಿನ ಗಾಡಿ ಹೊಡದಂಗ ಹೊಡಿಯಾಕತ್ತಿ?" ಮೇಡಂ ಕೇಳಿದರು. ಮೈಲೇಜ್ ನೋಡುತ್ತಿದ್ದೇನೆ ಅಂದೆ.

ಜನವರಿ 6, ಮಂಗಳವಾರ. ಮಧ್ಯಾಹ್ನ

ಆಸ್ಪತ್ರೆ ಬೆಂಚಿನ ಮೇಲೆ ಕೂತಿದ್ದೇನೆ. ಮೇಡಂಗೆ ಒಳಗೆ ಎಕ್ಸ್‌ರೇ.

ಕುರುಗೋಡು ಇನ್ನೂ ಸ್ವಲ್ಪ ದೂರ ಇತ್ತು. ಮುಂದೆ ಹುಲ್ಲು ತುಂಬಿದ ಟ್ರ್ಯಾಕ್ಟರ್, ಎದುರಿಗೆ ರಸ್ತೆ ಖಾಲಿ. ಓವರ್‌ಟೇಕ್ ಮಾಡಲು ಹೊರಗೆ ಬಂದೆ. ಅಷ್ಟರಲ್ಲಿ ದೂರದ ತಿರುವಿನಲ್ಲಿ ಬಸ್ಸು ಕಂಡಿತು. ಬೇಗ ಮುಗಿಸಬೇಕೆಂದು ಒತ್ತಿದೆ. ಟಪ್ ಎಂದು ಒಂದು ಸದ್ದು. ಆಮೇಲೆ ಕಬ್ಬಿಣದ ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದಂತೆ. ಎಳೆತವೇ ಇಲ್ಲ. ಎದುರಿಗೆ ಬಸ್ಸಿನ ಹಾರ್ನ್. ಬ್ರೇಕ್ ತುಳಿದು ಟ್ರ್ಯಾಕ್ಟರ್ ಹಿಂದೆ ನುಗ್ಗಿಸಿದೆ, ರಸ್ತೆ ಬಿಟ್ಟು ಇಳಿಯಿತು, ಜಾಲಿ ಗಿಡದಲ್ಲಿ ನಿಂತಿತು. ಹೊಗೆ. ಏನೂ ಕಾಣುತ್ತಿಲ್ಲ.

"ಮೇಡಂ? ಮೇಡಂ!"

"ಅದೀನಿ, ಅದೀನವಾ. ಮೊದಲು ಬಾಗಲಾ ತಗಿ."

ಟ್ರ್ಯಾಕ್ಟರಿನವನು ಓಡಿ ಬಂದು ಅವರನ್ನು ಎತ್ತಿ ಇಳಿಸಿದ. ಎಡಗೈ ಮಣಿಕಟ್ಟು ಊದಿಕೊಂಡಿತ್ತು. ಗಾಜಿನ ಬಳೆ ಒಡೆದು ಚುಚ್ಚಿಕೊಂಡಿದ್ದವು.

ಮೂಳೆ ಬಿರುಕು ಬಿಟ್ಟಿದೆಯಂತೆ. ಈಗ ಹೇಳಿದರು.

ಜನವರಿ 9, ಶುಕ್ರವಾರ

ಗುರುಸ್ವಾಮಿ ಬಂದಿದ್ದಾನೆ. ಎಂಜಿನ್ ಬಿಚ್ಚಿದ. ಮೂರನೇ ಸಿಲಿಂಡರಿನ ರಾಡು ಬಾಗಿದೆ, ಪಿಸ್ಟನ್ ಸೀಳಿದೆ. ಆಮೇಲೆ ಲ್ಯಾಪ್‌ಟಾಪ್ ಹಚ್ಚಿ ತುಂಬ ಹೊತ್ತು ನೋಡಿದ.

"ಇದು ನಾ ಹಾಕಿದ ಮ್ಯಾಪ್ ಅಲ್ರಿ ಮೇಡಂ. ಯಾರೋ ಬದಲಿ ಮಾಡ್ಯಾರ. ಮೀಟರ್ ಸರಿನೇ ಐತಿ."

ಅಲ್ಲಿಂದಲೇ ಅಲ್ತಾಫನಿಗೆ ಫೋನು. ಈ ಸಲ ಕೇಳಲಿಲ್ಲ, ಹೇಳಿದೆ.

"ನಿನಗ ಸರ್‌ಪ್ರೈಸ್ ಕೊಡಬೇಕಂತ ಮಾಡ್ಸಿದ್ದೆ. ಹೇಳಿದ್ರ ಬ್ಯಾಡ ಅಂತಿದ್ದಿ."

"ಹೌದು. ಬ್ಯಾಡ ಅಂತಿದ್ದೆ."

"ಎಂಜಿನ್ ಹೊಸದು ಹಾಕಿಸಿಕೊಡ್ತೀನಿ. ದೊಡ್ಡದು ಮಾಡಬ್ಯಾಡ ಇದನ್ನ."

ಎಂಜಿನ್ ವಿಷಯ ಅಲ್ಲ. ನಾನು ಕೇಳಿದಾಗ ಮೀಟರ್ ತಪ್ಪು ಅಂದನಲ್ಲ. ಎರಡು ವಾರ ನನ್ನ ಕಣ್ಣನ್ನೇ ನಾನು ನಂಬದೆ ಮೇಡಂ ಅವರನ್ನು ಪಕ್ಕ ಕೂರಿಸಿಕೊಂಡು ಹೋದೆ.

ಜನವರಿ 11, ಭಾನುವಾರ

ಬಂದಿದ್ದರು. ಹೈದರಸಾಬರು, ಅಲ್ತಾಫ್. ಅಬ್ಬಾ ಚಾಪೆ ಬದಲು ಹೊಸ ಜಮಖಾನೆ ಹಾಸಿದ್ದರು.

ಹೈದರಸಾಬರೇ ಅಬ್ಬಾನತ್ತ ತಿರುಗಿ ಮಾತೆತ್ತಿದರು. "ದಾದಾಪೀರ್ ಭಾಯ್, ಗಾಡಿ ಅಂದ್ಮ್ಯಾಲ ಕೆಡತೈತಿ. ಅಲ್ದ ಹೆಣಮಕ್ಕಳ ಕೈಯಾಗ ಕೊಟ್ರ... ಓವರ್‌ಟೇಕ್ ಅಂದ್ರ ಅಂದಾಜು ಬೇಕಾಗತೈತಿ. ಹೋಗ್ಲಿ ಬಿಡ್ರಿ."

ಅಲ್ತಾಫನನ್ನೇ ನೋಡುತ್ತಿದ್ದೆ. ಒಂದು ಮಾತು ಸಾಕಿತ್ತು. ಅಬ್ಬೂ, ತಪ್ಪು ಅವಳದಲ್ಲ. ಅಷ್ಟೇ. ಅವನು ಚಹಾದ ಲೋಟ ತಿರುಗಿಸುತ್ತಾ ಕೂತಿದ್ದ. ಕೆನೆಗಟ್ಟಿದರೂ ಕುಡಿಯಲಿಲ್ಲ. ಬಾಯಿ ತೆರೆಯಲಿಲ್ಲ.

ನಾನೂ ಅಲ್ಲಿ ಏನೂ ಹೇಳಲಿಲ್ಲ.

ಜನವರಿ 12

ಅಬ್ಬಾಗೆ ಹೇಳಿದೆ. ಜೀನ್ಸ್ ಹೊಲಿಯುವ ಯೂನಿಟ್ಟಿಗೆ ಕೆಲಸಕ್ಕೆ ಹೊರಟಿದ್ದರು, ಕುತ್ತಿಗೆಯಲ್ಲಿ ಅಳತೆ ಟೇಪು. ಮ್ಯಾಪ್ ವಿಷಯ, ಮೀಟರ್ ವಿಷಯ, ಎಲ್ಲ. ಕೊನೆಗೆ — ನಿಕಾ ಬೇಡ.

ಕಾರ್ಡು ಅರ್ಧ ಊರಿಗೆ ಹಂಚಿಯಾಗಿದೆ. ಅಮ್ಮಿ ಗೋಡೆಗೆ ಒರಗಿ ಕೂತುಬಿಟ್ಟರು. "ಒಂದು ಗಾಡಿ ಸಲುವಾಗಿ ಏನವಾ? ಮಂದಿ ಏನಂದಾರು?"

ಅಬ್ಬಾ ಟೇಪನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

"ನಿನ್ನೆ ಆ ಹುಡುಗ ಸುಮ್ಮನ ಕುಂತಾಗ ನನಗೂ ಸರಿ ಅನಿಸ್ಲಿಲ್ಲ. ಮಂದಿಗೆ ಹೇಳೂದು ನನ್ನ ಕೆಲಸ. ನೀ ಕಾಲೇಜಿಗೆ ಹೋಗು, ಬಸ್ ತಪ್ಪತೈತಿ."

ಬಸ್ಸಿನಲ್ಲಿ ಅತ್ತೆ.

ಜನವರಿ 25, ಭಾನುವಾರ. ಸಂಜೆ

ಇಷ್ಟು ದಿನ ಬರೆಯಲು ಆಗಲಿಲ್ಲ. ಬಂದವರೆಲ್ಲ ಕೇಳುವುದು ಒಂದೇ. ಹುಡುಗನಿಗೆ ಏನಾದರೂ ಚಟ ಇತ್ತಾ? ಇಲ್ಲ ಅಂದರೆ ನಂಬುವುದಿಲ್ಲ. ರಾಡು ಬಾಗಿತು ಎಂದು ಯಾರಿಗೆ ಹೇಳುವುದು.

ಇವತ್ತು ಅಲ್ತಾಫ್ ಬಂದಿದ್ದ. ಒಬ್ಬನೇ, ಬಸ್ಸಿನಲ್ಲಿ. ಮೊದಲು ದುರ್ಗಾದೇವಿ ಮೇಡಂ ಮನೆಗೆ ಹೋಗಿ ಬಂದನಂತೆ. ಅಬ್ಬಾನ ಮುಂದೆ ನಿಂತೇ ಹೇಳಿದ.

"ಅಂಕಲ್, ಮ್ಯಾಪ್ ನಾನ ಬದಲಿ ಮಾಡ್ಸಿದ್ದು. ಅಕಿ ಕೇಳಿದಾಗ ಸುಳ್ಳು ಹೇಳ್ದೆ. ನಮ್ಮ ಅಬ್ಬೂಗೂ ಈಗ ಹೇಳೀನಿ."

ಕಣ್ಣು ಗುಳಿಬಿದ್ದಿದ್ದವು. ನಟನೆ ಅಲ್ಲ. ಅದೇ ಕಷ್ಟ. ಒಂದು ಕ್ಷಣ ಮಿಲ್ಲಿನ ಅಂಗಳದಲ್ಲಿ ತಲೆ ಮೇಲೆ ಹೊಟ್ಟು ಹೊತ್ತು ನಿಂತವನು ಕಂಡ.

"ಹೇಳಿದ್ದು ಛಲೋ ಆತು," ಅಂದೆ. "ಆದ್ರ ನನ್ನ ಮಾತು ಅದ ಐತ್ರಿ. ಇನ್ನೊಂದಿನ ನೀವು 'ಏನಿಲ್ಲ' ಅಂದ್ರ ನಾ ನಂಬಾಕ ಆಗಂಗಿಲ್ಲ. ಹಂಗ ಬಾಳ್ವಿ ಮಾಡಾಕ ಆಗಂಗಿಲ್ಲ."

ತಲೆ ಆಡಿಸಿದ. ಅಮ್ಮಿ ತಂದ ನೀರು ಕುಡಿದು ಹೋದ. ಬಾಗಿಲು ಹಾಕಿದ ಮೇಲೆ ಅಮ್ಮಿ ನನ್ನ ತಲೆ ಮೇಲೆ ಕೈಯಿಟ್ಟರು.

ಜನವರಿ 31

ಗುರುಸ್ವಾಮಿ ಕೇಳಿದ. ಪಿಸ್ಟನ್ ಚೂರು ಹೊಕ್ಕು ಟರ್ಬೋನೂ ಹಾಳಾಗಿದೆ. ಮತ್ತೆ ಆರಿಸಬೇಕು. "ಹೆಂಗೂ ಬಿಚ್ಚೇವ್ರಿ. ಗಟ್ಟಿ ರಾಡು ಹಾಕಿದ್ರ ದೊಡ್ಡ ಟರ್ಬೋನೂ ತಡೀತೈತಿ. ಇಲ್ಲಾ ಹೆದ್ರಿಕಿ ಆದ್ರ ಕಂಪನಿದು ಹಾಕಿಬಿಡೂಣು."

ಶೆಡ್ಡಿನ ಮುಂದೆ ನಿಂತೇ ಯೋಚಿಸಿದೆ. ಹೆದರಿಕೆ ಇದೆ. ಆದರೆ ನಾನು ಮೊದಲು ಆರಿಸಿದ್ದು ತಪ್ಪಾಗಿರಲಿಲ್ಲ.

"ಅದ ಹೈಬ್ರಿಡ್. ಕಂಪನಿ ರಾಡು. ಒಂದು ಬಾರ್. ಮ್ಯಾಪಿಗೆ ಲಾಕ್ ಹಾಕ್ರಿ."

ಫೆಬ್ರವರಿ 8, ಭಾನುವಾರ. ಬೆಳಿಗ್ಗೆ

ಇವತ್ತು ನಿಕಾ ಇರಬೇಕಿತ್ತು. ಅಬ್ಬಾ ಮನೆಯಲ್ಲೇ ಇದ್ದಾರೆ, ಸುಮ್ಮನೆ ಪೇಪರ್ ತಿರುವುತ್ತಾ. ಅಮ್ಮಿ ಬಿರಿಯಾನಿಗೆ ಅಕ್ಕಿ ನೆನೆಹಾಕಿದ್ದಾರೆ. ಯಾಕೆ ಎಂದು ಯಾರೂ ಕೇಳಿಲ್ಲ. ಮೇಡಂ ಊಟಕ್ಕೆ ಬರುತ್ತಾರೆ, ಬ್ಯಾಂಡೇಜ್ ಕೈಯಲ್ಲೇ.

ಫೋನು. ಗುರುಸ್ವಾಮಿ. ಮೊದಲ ಸಲ ಸ್ಟಾರ್ಟ್ ಮಾಡುತ್ತಾನಂತೆ, ಕೇಳಿಸಿಕೊಳ್ಳಿ ಅಂತ ಫೋನನ್ನು ಬಾನೆಟ್ಟಿನ ಹತ್ತಿರ ಹಿಡಿದಿದ್ದಾನೆ. ಸ್ಪೀಕರ್ ಹಾಕಿ ಇಲ್ಲಿಟ್ಟಿದ್ದೇನೆ. ಅಬ್ಬಾ ಪೇಪರ್ ಇಳಿಸಿದರು.

ಕೀ ತಿರುಗಿಸಿದ. ಒಂದು ಸಲ ತಡವರಿಸಿತು. ಹತ್ತಿತು.

ಸದ್ದು ಸಮ ಇದೆ. ಸಿಳ್ಳೆ ಇಲ್ಲ. ಕಟಕಟ ಇಲ್ಲ. ಈಗ ಸ್ವಲ್ಪ ಜೋರು ಮಾಡುತ್ತಿದ್ದಾನೆ... ಸಮ. ಇನ್ನೂ ಸ್ವಲ್ಪ ಜೋರು. ಈಗಲೂ ಸಮ.